ಚೆಂಡಿಗಾಗಿ ನೆಗೆಯುವ ಮಕ್ಕಳು

ಹನ್ನೆರಡು ವರ್ಷದ ನನ್ನ ಮಗ ಕೊಂಚ ಗಿಡ್ಡ. ಫುಟ್‌ಬಾಲ್ ಆಟದಲ್ಲಿ ಮೇಲೆ ಬಂದ ಚೆಂಡೆಲ್ಲ ಎದುರಾಳಿಯ ತಲೆಗೇ ಸಲ್ಲುತ್ತದೆಂದು ಅವನ ಗೋಳು. ಕಡತಗಳ ನಡುವೆ ಕುಳಿತೇ ಇರುವ ನಾನು ಅವನಿಗೆ ಗುರುವಾದೆ! ದಿನವೂ ಬೆಳಿಗ್ಗೆ ಸಿಮೆಂಟಿನ ಅಂಗಳದಲ್ಲಿ ನೂರು ನೆಗೆತ. ತಿಂಗಳು ತುಂಬುವಷ್ಟರಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಬಾವು, ನೋವು. ಮನೆಯಾಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು, ಬಿಟ್ಟದ್ದು ನ್ಯಾಯವೇ.

ತೊಡೆಯ ಸ್ನಾಯು ಬಂದು ಅಂಟುವ ಆ ಜಾಗದ ಎಲುಬು ಬೆಳೆಯುವ ವಯಸ್ಸಿನಲ್ಲಿ ಇನ್ನೂ ಎಳೆಯದು, ಅತಿಯಾಗಿ ನೆಗೆದರೆ ಜಗ್ಗಿ ನೋಯುತ್ತದೆ ಎಂದರು ವೈದ್ಯರು. ನೆಗೆತದ ಬಲ ಎಣಿಕೆಯಲ್ಲಿಲ್ಲ. ಥಟ್ಟನೆ ಕುಗ್ಗಿ ತಡಮಾಡದೆ ಮೇಲೇಳಬೇಕು. ಆಗ ಎಳೆದ ಸ್ನಾಯು ರಬ್ಬರಿನಂತೆ ಮರುಪುಟಿಯುತ್ತದೆ. ಇಳಿಯುವಾಗ ಮಂಡಿ ಬಾಗಿರಬೇಕು, ಒಳಕ್ಕೆ ವಾಲಬಾರದು, ಸದ್ದಾಗಬಾರದು. ಫಿಫಾ ಸಂಸ್ಥೆಯ ‘ಹನ್ನೊಂದು ಪ್ಲಸ್’ ಎಂಬ 20 ನಿಮಿಷದ ಅಭ್ಯಾಸದಲ್ಲೂ ನೆಗೆತದ ಪಾಲು ಸ್ವಲ್ಪವೇ. ಓಟ, ಒಂಟಿಕಾಲ ನಿಲುವು, ಚುರುಕಾಗಿ ದಿಕ್ಕು ಬದಲಿಸುವುದು ಇವೇ ಹೆಚ್ಚು.

ಎತ್ತರದ ಮಾತಿಗೆ, ಬೆಂಗಳೂರು ತಂಡದ ಸುನಿಲ್ ಛೇತ್ರಿ ಐದಡಿ ಏಳಂಗುಲದವರು. 2025ರ ಮಾರ್ಚಿನಲ್ಲಿ, 40ರ ವಯಸ್ಸಿನಲ್ಲಿ, ಮಾಲ್ಡೀವ್ಸ್ ವಿರುದ್ಧ ತಲೆಯಿಂದಲೇ ಗೋಲು ಹೊಡೆದರು.

ನೋವು ಇಳಿದ ಮೇಲೆ ಈಗ ಹುಲ್ಲಿನ ಮೇಲೆ, ವಾರಕ್ಕೆ ಎರಡೇ ದಿನ. “ಅಪ್ಪಾ, ನೀವು ಎಣಿಸಬೇಡಿ, ಸುಮ್ಮನೆ ನೋಡಿ” ಎಂದಿದ್ದಾನೆ.