34:33:33 – ಹಕ್ಕಿಗಳ ವಂಶವೃಕ್ಷದ ಲೆಕ್ಕ

ಗೊರಿಲ್ಲಾದ ಜೀನೋಮ್ 2012ರಲ್ಲಿ ಪ್ರಕಟವಾಯಿತು. ಮನುಷ್ಯನಿಗೆ ಅತಿ ಹತ್ತಿರದ ಬಂಧು ಚಿಂಪಾಂಜಿ ಎಂಬ ನಿರ್ಣಯ ಅದರಿಂದ ಬದಲಾಗಲಿಲ್ಲ. ಆದರೆ ಜೀನೋಮ್‌ನ ಸುಮಾರು ಶೇ 30ರಷ್ಟು ಭಾಗ ಬೇರೆ ನಂಟನ್ನು ತೋರಿಸಿತು. ಶೇ 15ರಷ್ಟರಲ್ಲಿ ಮನುಷ್ಯ ಗೊರಿಲ್ಲಾಗೆ ಹತ್ತಿರ, ಇನ್ನು ಶೇ 15ರಷ್ಟರಲ್ಲಿ ಚಿಂಪಾಂಜಿ ಗೊರಿಲ್ಲಾಗೆ ಹತ್ತಿರ. ಅನುಪಾತ 70:15:15.

ಎರಡು ಅಲ್ಪಮತಗಳು ಹೆಚ್ಚುಕಡಿಮೆ ಸಮವಾಗಿರುವುದು ಮುಖ್ಯ. ಕವಲೊಡೆದ ಮೇಲೂ ಎರಡು ಪ್ರಭೇದಗಳು ಕೂಡಿದ್ದರೆ ಸಾಮಾನ್ಯವಾಗಿ ಒಂದು ಅಲ್ಪಮತ ಇನ್ನೊಂದಕ್ಕಿಂತ ದೊಡ್ಡದಾಗುತ್ತದೆ. ಸಮವಾಗಿದ್ದರೆ ಕಾರಣ ಆಕಸ್ಮಿಕ ಹಂಚಿಕೆ: ಪೂರ್ವಜ ಸಮುದಾಯದಲ್ಲಿದ್ದ ಒಂದು ಜೀನ್‌ನ ಹಲವು ರೂಪಗಳು ಮುಂದಿನ ಕವಲಿನ ತನಕ ಉಳಿದು, ಆಮೇಲೆ ಬೇರೆ ಬೇರೆ ಪ್ರಭೇದಗಳಿಗೆ ಹೋಗಿವೆ. ಇದನ್ನು ಅಪೂರ್ಣ ವಂಶ ವಿಂಗಡಣೆ ಎನ್ನುತ್ತಾರೆ. ಇದರಿಂದಾಗಿ ಪ್ರಭೇದ ವೃಕ್ಷ ಒಂದೇ ಇದ್ದರೂ ಜೀನ್ ವೃಕ್ಷಗಳು ಹಲವಾಗುತ್ತವೆ.

ಭಿನ್ನಮತದ ಪ್ರಮಾಣ ಎರಡು ಕವಲುಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಅಂತರವನ್ನು ಅಳೆಯುವುದು ಸಮುದಾಯದ ಗಾತ್ರದ ಎರಡು ಪಟ್ಟು ತಲೆಮಾರುಗಳ ಮಾನದಲ್ಲಿ. ಗೊರಿಲ್ಲಾದ ಶೇ 30ಕ್ಕೆ ಹೊಂದುವ ಅಂತರ 0.8 ಮಾನ. ಪೂರ್ವಜ ಸಮುದಾಯ 50,000, ತಲೆಮಾರು 20 ವರ್ಷ ಎಂದು ಹಿಡಿದರೆ ಇದು 16 ಲಕ್ಷ ವರ್ಷ. ಅಂತರ 0.1ಕ್ಕೆ ಇಳಿದರೆ ಅನುಪಾತ 40:30:30. 0.01ಕ್ಕೆ ಇಳಿದರೆ 34:33:33.

ಹಕ್ಕಿಗಳ ಕಷ್ಟ ಈ ಕೊನೆಯ ಅಂಕಿಯ ಆಸುಪಾಸಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲದ ಆಚೀಚೆ, ಇಂದಿನ ಬಹುಪಾಲು ಹಕ್ಕಿ ಗುಂಪುಗಳು ಒಂದರ ಬೆನ್ನಿಗೆ ಒಂದು ಕವಲೊಡೆದವು. 2014ರಲ್ಲಿ 48 ಹಕ್ಕಿಗಳ ಜೀನೋಮ್ ಹೋಲಿಸಿದ ಅಂತರರಾಷ್ಟ್ರೀಯ ತಂಡ 14,000ಕ್ಕೂ ಹೆಚ್ಚು ಡಿಎನ್‌ಎ ಭಾಗಗಳಿಗೆ ಪ್ರತ್ಯೇಕ ವೃಕ್ಷ ಕಟ್ಟಿತು. ಅಂತಿಮ ಪ್ರಭೇದ ವೃಕ್ಷದೊಂದಿಗೆ ಪೂರ್ತಿ ತಾಳೆಯಾದವುಗಳ ಸಂಖ್ಯೆ ಸೊನ್ನೆ. ಇದರಲ್ಲಿ ಒಂದು ಪಾಲು ನಿಜವಾದ ಭಿನ್ನಮತ. ಇನ್ನೊಂದು ಪಾಲು ಚಿಕ್ಕ ಭಾಗದಲ್ಲಿ ಮಾಹಿತಿ ಸಾಲದೆ ಬಂದ ಅಂದಾಜಿನ ದೋಷ. ಎರಡನ್ನೂ ಬೇರ್ಪಡಿಸದೆ ಸೊನ್ನೆಯನ್ನಷ್ಟೇ ಹೇಳುವುದು ಓದುಗರಿಗೆ ಅನ್ಯಾಯ.

ಹೆಚ್ಚು ಜೀನ್ ಸೇರಿಸಿದರೆ ಬಗೆಹರಿಯುವುದೇ? ಲೆಕ್ಕ ಹಾಕಬಹುದು. 34:33:33ರ ಕವಲಿನಲ್ಲಿ 14,000 ಭಾಗಗಳನ್ನು ಎಣಿಸಿದರೆ ಸರಿಯಾದ ವೃಕ್ಷದ ನಿರೀಕ್ಷಿತ ಮುನ್ನಡೆ ಸುಮಾರು 139. ಆಕಸ್ಮಿಕ ಏರುಪೇರು, ಅಂದರೆ ಪ್ರಮಾಣಿತ ವಿಚಲನೆ, 97. ಮುನ್ನಡೆ ಏರುಪೇರಿನ 1.4 ಪಟ್ಟು ಮಾತ್ರ. ತೀರ್ಪು ಕೊಡಲು ಸಾಲದು. ಏಪ್ರಿಲ್ 2024ರಲ್ಲಿ 363 ಪ್ರಭೇದಗಳ ವೃಕ್ಷ ಪ್ರಕಟವಾದಾಗ ಮುಖ್ಯ ವಿಶ್ಲೇಷಣೆಗೆ ಬಳಸಿದ್ದು ಜೀನ್‌ಗಳ ನಡುವಿನ 63,430 ತುಣುಕುಗಳು. ಅದೇ ಕವಲಿನಲ್ಲಿ ಈಗ ನಿರೀಕ್ಷಿತ ಮುನ್ನಡೆ 631, ಏರುಪೇರು 206, ಅನುಪಾತ 3ಕ್ಕೂ ಸ್ವಲ್ಪ ಹೆಚ್ಚು. ಆ ಅಧ್ಯಯನದ ತೀರ್ಮಾನವೂ ಇದೇ ದಿಕ್ಕಿನದು: ಕಷ್ಟದ ಕವಲುಗಳಲ್ಲಿ ಪ್ರಭೇದಗಳನ್ನು ಸೇರಿಸುವುದಕ್ಕಿಂತ ಭಾಗಗಳನ್ನು ಸೇರಿಸುವುದು ಹೆಚ್ಚು ಫಲ ಕೊಟ್ಟಿತು.

ಈ ಲೆಕ್ಕಕ್ಕೆ ಒಂದು ಷರತ್ತಿದೆ: ಪ್ರತಿ ತುಣುಕೂ ಸ್ವತಂತ್ರ ಸಾಕ್ಷಿಯಾಗಿರಬೇಕು. 2014ರ ವೃಕ್ಷ ರಾಜಹಂಸ ಮತ್ತು ಗುಳುಮುಳುಕಗಳನ್ನು ಪಾರಿವಾಳದ ಬಳಗದೊಂದಿಗೆ ಇಟ್ಟಿತ್ತು. 2024ರ ವೃಕ್ಷ ಅವನ್ನು ಬೇರ್ಪಡಿಸಿ, ಪಾರಿವಾಳವನ್ನು ಕೋಗಿಲೆಗಳಿರುವ ಬಳಗಕ್ಕೆ ಸೇರಿಸಿತು. ಹಳೆಯ ಜೋಡಣೆಗೆ ಸಿಕ್ಕಿದ್ದ ಬೆಂಬಲದ ಮೂಲ ಹುಡುಕಿದಾಗ ಅದು 4ನೇ ಕ್ರೋಮೋಸೋಮಿನ 2.1 ಕೋಟಿ ಅಕ್ಷರಗಳ ಒಂದೇ ಪಟ್ಟಿಯಲ್ಲಿ ಸಿಕ್ಕಿತು. ಕೋಳಿಯ ಜೀನೋಮ್ ಸುಮಾರು 105 ಕೋಟಿ ಅಕ್ಷರಗಳದು. ಹಾಗಾಗಿ ಈ ಪಟ್ಟಿ ಶೇ 2. ಹಿಂದೆ ಆ ಪಟ್ಟಿಯಲ್ಲಿ ಕ್ರೋಮೋಸೋಮುಗಳ ನಡುವಿನ ಮರುಜೋಡಣೆ ನಿಂತುಹೋಗಿದ್ದರಿಂದ ಇಡೀ ಪಟ್ಟಿ ಒಂದೇ ಚರಿತ್ರೆ ಹೊತ್ತು ಬಂದಿದೆ. ಸಾವಿರ ಸಾಕ್ಷಿಗಳೆಂದು ಎಣಿಸಿದ್ದು ನಿಜದಲ್ಲಿ ಒಂದೇ ಸಾಕ್ಷಿ.

ಶೇ 2 ಎಷ್ಟು ಹಾನಿ ಮಾಡಬಲ್ಲದು? 63,430ರಲ್ಲಿ ಅದು ಸುಮಾರು 1,269 ತುಣುಕು. ಅವೆಲ್ಲವೂ ಒಂದೇ ತಪ್ಪು ವೃಕ್ಷಕ್ಕೆ ಹೋದವು ಎನ್ನೋಣ. ಸರಿಯಾದ ವೃಕ್ಷದ ಪಾಲು 21,133ಕ್ಕೆ ಇಳಿದು, ತಪ್ಪು ವೃಕ್ಷದ್ದು 21,783ಕ್ಕೆ ಏರುತ್ತದೆ. 631ರ ಮುನ್ನಡೆ 650ರ ಹಿನ್ನಡೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಈ ಎರಡು ಸಂಖ್ಯೆಗಳಲ್ಲಿದೆ. ಇಲ್ಲಿ ದತ್ತಾಂಶದ ಗಾತ್ರಕ್ಕಿಂತ ಅದು ಜೀನೋಮ್‌ನ ಎಲ್ಲಿಂದ ಬಂತು ಎಂಬುದು ಹೆಚ್ಚು ತೂಕದ್ದು.

ಗಣನೆಯ ವೆಚ್ಚವೂ ಕಡಿಮೆಯಲ್ಲ. 2014ರಲ್ಲಿ ಬಂದ ಆಸ್ಟ್ರಲ್ ಎಂಬ ವಿಧಾನದ ಆಧಾರ ನಾಲ್ಕು ನಾಲ್ಕು ಪ್ರಭೇದಗಳ ಗುಂಪುಗಳು. ನಾಲ್ಕು ಪ್ರಭೇದಗಳಿಗೆ ಬೇರು ಗುರುತಿಸದ ವೃಕ್ಷಗಳು ಮೂರೇ. ಭಿನ್ನಮತಕ್ಕೆ ಅಪೂರ್ಣ ವಿಂಗಡಣೆ ಮಾತ್ರ ಕಾರಣವಾಗಿದ್ದರೆ, ಹೆಚ್ಚು ಸಂಭವವಿರುವುದು ಪ್ರಭೇದ ವೃಕ್ಷಕ್ಕೆ ಹೊಂದುವುದೇ. ಐದು ಅಥವಾ ಹೆಚ್ಚು ಪ್ರಭೇದಗಳ ಇಡೀ ವೃಕ್ಷಕ್ಕೆ ಈ ಭರವಸೆ ಇಲ್ಲವೆಂದು 2006ರಲ್ಲೇ ಸಾಧಿತವಾಗಿದೆ. 48 ಹಕ್ಕಿಗಳಲ್ಲಿ ಇಂಥ ಗುಂಪುಗಳು 1,94,580. 363 ಹಕ್ಕಿಗಳಲ್ಲಿ 71,15,63,490. ಪ್ರಭೇದಗಳು ಏಳೂವರೆ ಪಟ್ಟು, ಗುಂಪುಗಳು 3,657 ಪಟ್ಟು. ಇವನ್ನು ಒಂದೊಂದಾಗಿ ಎಣಿಸದೆ ಒಟ್ಟು ಹೊಂದಾಣಿಕೆಯನ್ನು ಗರಿಷ್ಠಗೊಳಿಸುವ ಗಣಿತ ಇರುವುದರಿಂದಲೇ ಕೆಲಸ ಸಾಗುತ್ತದೆ.

ಪ್ರಕಟವಾಗುವ ವೃಕ್ಷಗಳ ಕವಲುಗಳ ಮೇಲೆ ಸಾಮಾನ್ಯವಾಗಿ ಬೆಂಬಲದ ಒಂದೇ ಅಂಕಿ ಇರುತ್ತದೆ, ಬಹಳ ಕಡೆ 100. ಅದರ ಪಕ್ಕದಲ್ಲಿ ಮೂರು ಪಾಲುಗಳನ್ನೂ, ಅವು ಬಂದ ಕ್ರೋಮೋಸೋಮನ್ನೂ ಅಚ್ಚು ಹಾಕಬೇಕು. 40:30:30ರ ಕವಲಿಗೂ 34:33:33ರ ಕವಲಿಗೂ ಸಾಕಷ್ಟು ತುಣುಕುಗಳಿದ್ದರೆ 100 ಎಂದೇ ಬರುತ್ತದೆ. ಶೇ 2ರ ಒಂದು ಪಟ್ಟಿಯಿಂದ ತಲೆಕೆಳಗಾಗುವುದು ಎರಡನೆಯದು ಮಾತ್ರ.