ಚಾರಣಿಗನ ಗುಡಾರ ಮತ್ತು ಆರೋಗ್ಯ

ಶನಿವಾರ ರಾತ್ರಿ ಮಾಟುಂಗ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ, ಬೆನ್ನಿಗೆ ದೊಡ್ಡ ಚೀಲ ಬಿಗಿದುಕೊಂಡ ತರುಣ ತರುಣಿಯರು ದಾದರಿನತ್ತ ಹೊರಡುವುದನ್ನು ಕಾಣಬಹುದು. ಅಲ್ಲಿ ಕಸಾರಾ ಅಥವಾ ಕರ್ಜತ್ ಗಾಡಿಯನ್ನು ಹಿಡಿದು, ಬೆಳಗಾಗುವುದರೊಳಗೆ ಸಹ್ಯಾದ್ರಿಯ ಬುಡವನ್ನು ಸೇರುವುದು ಅವರ ಉದ್ದೇಶ. ಕಳಸೂಬಾಯಿ, ಹರಿಶ್ಚಂದ್ರಗಡ, ರಾಜಮಾಚಿ ಮುಂತಾದ ಹೆಸರುಗಳು ಈಗ ಮುಂಬಯಿಯ ಕನ್ನಡ ಮನೆಗಳಲ್ಲಿಯೂ ಊಟದ ಹೊತ್ತಿನ ಮಾತಾಗಿವೆ. ಮಕ್ಕಳ ಈ ಉತ್ಸಾಹವನ್ನು ಮೆಚ್ಚುವ ತಂದೆತಾಯಂದಿರು ಕೇಳುವ ಪ್ರಶ್ನೆ ಮಾತ್ರ ಒಂದೇ: "ರಾತ್ರಿ ಎಲ್ಲಿ ಮಲಗುತ್ತೀಯಪ್ಪಾ?"

ಇದು ಅಂಜುಬುರುಕರ ಪ್ರಶ್ನೆಯಲ್ಲ. ಚಾರಣದಲ್ಲಿ ಹಗಲಿನ ಶ್ರಮ ಆರೋಗ್ಯವನ್ನು ಬೆಳೆಸುತ್ತದೆ. ಆದರೆ ಒದ್ದೆಯಾಗಿ, ಚಳಿಯಲ್ಲಿ, ನಿದ್ರೆಯಿಲ್ಲದೆ ಕಳೆದ ಒಂದು ರಾತ್ರಿ ಆ ಲಾಭವನ್ನೆಲ್ಲ ಕಸಿದುಕೊಳ್ಳಬಲ್ಲದು. ಆದುದರಿಂದ ಒಬ್ಬರು ಹೊತ್ತು ನಡೆಯಬಹುದಾದ, ಒಬ್ಬರು ಮಲಗಬಹುದಾದ ಹಗುರ ಗುಡಾರದ ಆಯ್ಕೆ ಕೇವಲ ಅಂಗಡಿಯ ವ್ಯವಹಾರವಲ್ಲ, ಆರೋಗ್ಯದ ವಿಚಾರವೂ ಹೌದು.

ಗೊರಬಿನ ನೀತಿ

ಒಬ್ಬರಿಗೆ ಒಂದೇ ಸೂರು ಎಂಬ ಕಲ್ಪನೆ ಕನ್ನಡಿಗರಿಗೆ ಹೊಸತಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಗದ್ದೆಗಿಳಿದು ನಾಟಿ ಮಾಡುವ ಹೆಂಗಸರು ಬಿದಿರ ಸೀಳು ಮತ್ತು ಎಲೆಗಳಿಂದ ಹೆಣೆದ ಗೊರಬನ್ನು ತಲೆಯಿಂದ ಸೊಂಟದವರೆಗೆ ಹೊದ್ದು ದುಡಿಯುತ್ತಿದ್ದರು. ಬಯಲುಸೀಮೆಯ ಕುರಿಗಾಹಿಗೆ ಕಂಬಳಿಯ ಕೊಪ್ಪೆಯೇ ಮನೆ. ಈ ಎರಡರಲ್ಲಿಯೂ ಒಂದು ನೀತಿಯುಂಟು. ಆಶ್ರಯವು ದೇಹದೊಡನೆಯೇ ಇರುತ್ತದೆ. ಮಳೆ ಬಂದಾಗ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗುಡಾರ ಹಗುರವಾಗಿರಬೇಕೆಂಬುದಕ್ಕೆ ಮುಖ್ಯ ಕಾರಣವೂ ಇದೇ. ಭಾರವಾದುದನ್ನು ಮನುಷ್ಯ ಹಿಂದೆ ಬಿಟ್ಟು ಹೋಗುತ್ತಾನೆ. ಬಿಟ್ಟುಹೋದ ಸೂರು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

2024ರ ಜೂನ್ ತಿಂಗಳ ಮೊದಲ ವಾರದಲ್ಲಿ ನಡೆದ ದುರಂತವನ್ನು ಕನ್ನಡಿಗರು ಇನ್ನೂ ಮರೆತಿರಲಾರರು. ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡವು ಸರೋವರವನ್ನು ಕಂಡು ಶಿಬಿರಕ್ಕೆ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿತು. ಬಯಲಿನಲ್ಲಿಯೇ ರಾತ್ರಿಯನ್ನು ಕಳೆಯಬೇಕಾಯಿತು. ಒಂಬತ್ತು ಮಂದಿ ಅಸುನೀಗಿದರು. ಹದಿಮೂರು ಮಂದಿಯನ್ನು ಪಾರುಮಾಡಲಾಯಿತು. ಅಂತಹ ಬಿರುಗಾಳಿಯ ಎದುರು ಯಾವ ಸಾಧನ ಎಷ್ಟು ನೆರವಾಗುತ್ತಿತ್ತೆಂದು ದೂರದಲ್ಲಿ ಕುಳಿತು ಹೇಳುವುದು ಉಚಿತವಲ್ಲ. ಆದರೆ ಶಿಬಿರದಲ್ಲಿರುವ ಗುಡಾರ ದಾರಿಯಲ್ಲಿರುವವನ ಗುಡಾರವಲ್ಲ ಎಂಬ ಸತ್ಯವನ್ನು ಆ ರಾತ್ರಿ ಎಲ್ಲರಿಗೂ ನೆನಪಿಸಿತು.

ಚಳಿ ಕೊಲ್ಲುವ ಬಗೆ

ಆರೋಗ್ಯವಂತರ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೊಥರ್ಮಿಯಾ ಎಂದು ಕರೆಯುವ ಅಪಾಯದ ಸ್ಥಿತಿ ಒದಗುತ್ತದೆ. ಇದಕ್ಕೆ ಹಿಮವೇ ಬೇಕೆಂದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಾಲು ಬೇಗನೆ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಪ್ರತಿ 1000 ಮೀಟರ್ ಏರಿದಂತೆ ಹವೆ ಸುಮಾರು 6 ಡಿಗ್ರಿಯಷ್ಟು ತಂಪಾಗುತ್ತದೆ. 1646 ಮೀಟರ್ ಎತ್ತರದ ಕಳಸೂಬಾಯಿಯ ನೆತ್ತಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಆಗಸ್ಟ್ ತಿಂಗಳ ಗಾಳಿಗೆ ಮೈಯೊಡ್ಡಿ ರಾತ್ರಿ ಕಳೆಯುವವರಿಗೂ ಈ ಅಪಾಯ ತಪ್ಪಿದ್ದಲ್ಲ.

ಮೊದಲು ನಡುಕ ಬರುತ್ತದೆ. ಅನಂತರ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಚಳಿ ಇದ್ದಂತೆಯೇ ಇದ್ದು ನಡುಕ ಮಾತ್ರ ನಿಂತರೆ ಅದು ಸುಧಾರಣೆಯ ಲಕ್ಷಣವಲ್ಲ, ಅಪಾಯ ಹೆಚ್ಚಿದುದರ ಸೂಚನೆ. ಅಂಥವರನ್ನು ಒಡನೆ ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ನೆಲ ತಾಗದಂತೆ ಕೆಳಗೆ ದಪ್ಪ ಹಾಸನ್ನು ಹಾಕಿ, ಒಣಬಟ್ಟೆಯಲ್ಲಿ ಸುತ್ತಿ ಮಲಗಿಸಬೇಕು. ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಮದ್ಯ ಕೊಡಲಾಗದು, ಕೈಕಾಲುಗಳನ್ನು ಬಲವಾಗಿ ಉಜ್ಜಲೂ ಬಾರದು. ಈ ಶುಶ್ರೂಷೆಯ ಮೊದಲ ಹೆಜ್ಜೆಗೇ ಒಂದು ಸೂರು ಬೇಕಾಗುವುದನ್ನು ವಾಚಕರು ಗಮನಿಸಬೇಕು.

ಹೊರೆಯ ಲೆಕ್ಕ

ಬೆನ್ನಿನ ಹೊರೆ ದೇಹದ ತೂಕದ ಐದನೆಯ ಒಂದು ಪಾಲನ್ನು ಮೀರದಿರುವುದು ಲೇಸು. 60 ಕಿಲೋ ತೂಕದವರಿಗೆ ಇದು 12 ಕಿಲೋ ಆಯಿತು. ನೀರು, ಆಹಾರ, ಬೆಚ್ಚನೆಯ ಉಡುಪು, ಮಲಗುವ ಚೀಲ ಎಲ್ಲವೂ ಇದರಲ್ಲಿಯೇ ಅಡಗಬೇಕು. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಇಬ್ಬರ ಗುಡಾರ ಎರಡೂವರೆ ಮೂರು ಕಿಲೋ ತೂಗುವುದುಂಟು. ಒಬ್ಬರೇ ಅದನ್ನು ಹೊತ್ತರೆ ಹೊರೆಯ ಕಾಲುಭಾಗ ಅದಕ್ಕೇ ಮೀಸಲಾಗುತ್ತದೆ. ಇಳಿಜಾರಿನಲ್ಲಿ ಮೊಣಕಾಲು ಅದರ ಸುಂಕ ತೆರಬೇಕಾಗುತ್ತದೆ. ಗುಡಾರ, ಗೂಟ, ಹಗ್ಗ ಎಲ್ಲ ಸೇರಿ ಒಂದೂವರೆ ಕಿಲೋವಿನೊಳಗೆ ಮುಗಿದರೆ ಒಳ್ಳೆಯದು.

ನಾಲ್ಕು ಬಗೆಗಳು

ಅತ್ಯಂತ ಹಗುರವಾದುದು ತಾಡಪತ್ರಿ. ಇಂದಿನ ತೆಳುವಾದ ನೈಲಾನ್ ಬಟ್ಟೆಯದಾದರೆ ಅರ್ಧ ಕಿಲೋ ಸಾಕು. ನಡೆಯುವಾಗ ಊರುವ ಕೋಲುಗಳನ್ನೇ ಕಂಬ ಮಾಡಿ ಕಟ್ಟಬಹುದು. ಗಾಳಿಯಾಟ ಧಾರಾಳ, ಆದರೆ ನೆಲವೂ ಇಲ್ಲ, ಸೊಳ್ಳೆಗೆ ತಡೆಯೂ ಇಲ್ಲ, ಓರೆಮಳೆಗೆ ರಕ್ಷಣೆಯೂ ಕಡಿಮೆ.

ಎರಡನೆಯದು 'ಬಿವಿ' ಎಂದು ಕರೆಯಲಾಗುವ ಹೊರಚೀಲ. ಮಲಗುವ ಚೀಲದ ಮೇಲೆ ಗವಸಿನಂತೆ ಹಾಕಿಕೊಳ್ಳುವ ಇದಕ್ಕೆ ಮಲಗುವಷ್ಟೇ ಜಾಗ ಸಾಕು. ಆದರೆ ಅದರೊಳಗೆ ಕುಳಿತುಕೊಳ್ಳುವಂತಿಲ್ಲ, ಬಟ್ಟೆ ಬದಲಿಸುವಂತಿಲ್ಲ. ಮಳೆಯಲ್ಲಿ ಎಂಟು ಗಂಟೆ ಅದರೊಳಗಿರುವುದು ಅನೇಕರಿಗೆ ಉಸಿರುಕಟ್ಟುವ ಅನುಭವ. ಇದರ ಸರಳ ರೂಪವಾದ ಆಪತ್ಕಾಲದ ಚೀಲ ಮಾತ್ರ ಕೆಲವೇ ನೂರು ಗ್ರಾಂ ತೂಗುತ್ತದೆ. ಶಿಬಿರದಿಂದ ಶಿಖರಕ್ಕೆ ಹೋಗಿ ಬರುವ ಪ್ರತಿಯೊಬ್ಬರ ಬೆನ್ನಿನಲ್ಲಿಯೂ ಅದೊಂದು ಇರತಕ್ಕದ್ದು.

ಮೂರನೆಯದು ಒಂದೇ ಪದರದ ಗುಡಾರ. ತೂಕ ಮುಕ್ಕಾಲು ಕಿಲೋವಿನಿಂದ ಒಂದು ಕಿಲೋವಿನವರೆಗೆ. ನಾಲ್ಕನೆಯದು ಎರಡು ಪದರದ್ದು. ಒಳಗೆ ಬಲೆಯ ಕೋಣೆ, ಹೊರಗೆ ನೀರು ತಡೆಯುವ ಹೊದಿಕೆ. ತೂಕ ಒಂದರಿಂದ ಒಂದೂವರೆ ಕಿಲೋ. ಮರಗಳಿರುವಲ್ಲಿ ಜೋಲಿಯನ್ನು ಕಟ್ಟಿ ಮಲಗುವವರೂ ಇದ್ದಾರೆ. ಆದರೆ ಮರವಿಲ್ಲದ ಗಡಗಳ ನೆತ್ತಿಯಲ್ಲಿ ಅದು ನಿರುಪಯೋಗಿ. ಬೆನ್ನಿನ ಕೆಳಗೆ ತಂಗಾಳಿ ಸುಳಿಯುವುದರಿಂದ ಚಳಿಯೂ ಹೆಚ್ಚು.

ಉಸಿರಿನ ನೀರು

"ಗುಡಾರ ಸೋರುತ್ತದೆ" ಎಂದು ದೂರುವವರಲ್ಲಿ ಅನೇಕರ ಗುಡಾರ ನಿಜವಾಗಿ ಸೋರಿರುವುದಿಲ್ಲ. ಮಲಗಿದ ಮನುಷ್ಯ ಉಸಿರಿನಿಂದಲೂ ಚರ್ಮದಿಂದಲೂ ಒಂದು ರಾತ್ರಿಯಲ್ಲಿ ಸುಮಾರು ಒಂದು ಲೋಟ ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಆ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಒಂದೇ ಪದರವಾದರೆ ಮೈಗೆ ನೇರವಾಗಿ ತಾಗುತ್ತದೆ. ಎರಡು ಪದರವಿದ್ದರೆ ಹೆಚ್ಚಿನ ಹನಿಗಳು ಹೊರಪದರದಲ್ಲಿಯೇ ಉಳಿಯುತ್ತವೆ. ತೇವ ತುಂಬಿದ ಸಹ್ಯಾದ್ರಿಯ ಹವೆಗೆ ಎರಡು ಪದರದ ಗುಡಾರವೇ ಹೆಚ್ಚು ಹೊಂದುತ್ತದೆ. ಮೇಲೂ ಕೆಳಗೂ ಗಾಳಿಕಿಂಡಿಗಳಿವೆಯೇ ಎಂದು ನೋಡಿ ಕೊಳ್ಳಬೇಕು. ಚಳಿಯೆಂದು ಅವುಗಳನ್ನೆಲ್ಲ ಮುಚ್ಚಬಾರದು.

ಇದಕ್ಕಿಂತ ಗಂಭೀರವಾದ ಕಾರಣವೂ ಒಂದುಂಟು. ಚಳಿಗೆ ಅಂಜಿ ಗುಡಾರದೊಳಗೆ ಒಲೆ ಉರಿಸುವುದಾಗಲಿ ಕೆಂಡ ಇಡುವುದಾಗಲಿ ಪ್ರಾಣಾಂತಿಕ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ರೆಯಲ್ಲಿಯೇ ಕೊಲ್ಲುತ್ತದೆ.

ಅಳತೆ, ಬಟ್ಟೆ, ನೆಲ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಸಲ್ಲದು. ಕಾಲಿನ ಅಳತೆಗೇ ಹಾಸಿಗೆಯನ್ನು ಆರಿಸಬೇಕು. ತಲೆಗೂ ಪಾದಕ್ಕೂ ಒದ್ದೆ ಗೋಡೆ ತಾಗದಿರಬೇಕಾದರೆ ಒಳಗಿನ ಉದ್ದ ಮಲಗುವವರ ಎತ್ತರಕ್ಕಿಂತ ಒಂದೂಕಾಲು ಅಡಿಯಷ್ಟಾದರೂ ಹೆಚ್ಚಿರಬೇಕು. ಐದೂವರೆ ಅಡಿಯವರಿಗೆ ಏಳು ಅಡಿ ಹಿತ. ಕುಳಿತಾಗ ತಲೆ ತಾಗಬಾರದು.

ಬಟ್ಟೆಯ ಮೇಲೆ 1500, 3000 ಮುಂತಾದ ಮಿಲಿಮೀಟರ್ ಅಂಕಿಗಳನ್ನು ಮುದ್ರಿಸಿರುತ್ತಾರೆ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ಜಿನುಗದೆ ತಡೆಯುತ್ತದೆ ಎಂಬುದರ ಅಳತೆ ಅದು. ಮೇಲುಹೊದಿಕೆಗೆ 1500ಕ್ಕೆ ಕಡಿಮೆಯಿರಬಾರದು. ದೇಹದ ಭಾರ ಬೀಳುವ ನೆಲಕ್ಕೆ 3000 ಬೇಕು. ನೈಲಾನ್ ಗಟ್ಟಿ, ಆದರೆ ಒದ್ದೆಯಾದಾಗ ಸಡಿಲುತ್ತದೆ. ರಾತ್ರಿ ಒಮ್ಮೆ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಸಡಿಲುವುದಿಲ್ಲ, ಬಿಸಿಲನ್ನೂ ಹೆಚ್ಚು ತಾಳುತ್ತದೆ.

ಹೋಗುವ ಸ್ಥಳದ ನೆಲವನ್ನೂ ಯೋಚಿಸಬೇಕು. ಮಹಾರಾಷ್ಟ್ರದ ಗಡಗಳು ಹೆಚ್ಚಾಗಿ ಕರಿಯ ಬಸಾಲ್ಟ್ ಬಂಡೆ, ಗೂಟ ಇಳಿಯುವುದಿಲ್ಲ. ತನ್ನ ಕೋಲುಗಳ ಬಲದಿಂದಲೇ ನಿಲ್ಲುವ ಗುಡಾರ ಅಲ್ಲಿ ಸುಲಭ. ಆದರೂ ಹಗ್ಗಗಳನ್ನು ಕಲ್ಲುಗಳಿಗೆ ಬಿಗಿಯದಿದ್ದರೆ ಗಾಳಿಗೆ ಹಾರಿಹೋದೀತು. ಗೂಟದ ಆಸರೆಯಿಂದಲೇ ನಿಲ್ಲುವ ಹಗುರ ಗುಡಾರಗಳು ಮಣ್ಣುನೆಲಕ್ಕೆ ತಕ್ಕವು. ಇನ್ನು ತಗ್ಗಿನಲ್ಲಿ ಗುಡಾರ ಹಾಕಬಾರದೆಂಬುದನ್ನು ಮಾಟುಂಗದವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ಲಿನಲ್ಲಿ ನಿಲ್ಲುವ ನೀರೇ ಅವರಿಗೆ ಗುರು. ಒಣಗಿದ ಹಳ್ಳದ ಪಾತ್ರ, ಒಂಟಿಮರದ ಬುಡ, ಒಣಕೊಂಬೆಯ ಕೆಳಗು, ಸಿಡಿಲಿಗೆ ತೆರೆದ ನೆತ್ತಿ ಇವೂ ವರ್ಜ್ಯ. ಎಂತಹ ಗುಡಾರವಿದ್ದರೂ ನೆಲದ ತಣ್ಪನ್ನು ತಡೆಯಲು ಬೆನ್ನಿನ ಕೆಳಗೆ ಫೋಮ್ ಚಾಪೆ ಬೇಕೇ ಬೇಕು.

ತೆವಳುವ ನೆರೆಯವರು

ನಾಲ್ಕೂ ಕಡೆ ಹೊಲಿದ ನೆಲ, ಪೂರ್ತಿ ಮುಚ್ಚುವ ಬಲೆ, ಕೆಡದ ಜಿಪ್ ಇವುಗಳಿಗಾಗಿ ಮೂರು ನಾಲ್ಕು ನೂರು ಗ್ರಾಂ ಹೆಚ್ಚು ಹೊರುವುದು ಪಶ್ಚಿಮಘಟ್ಟದಲ್ಲಿ ದಂಡವಲ್ಲ. ಕಟ್ಟುಹಾವು ರಾತ್ರಿ ಸಂಚರಿಸುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಡಿಯುತ್ತದೆ. ಕಡಿತ ನೋಯದಿರುವುದರಿಂದ ಎಷ್ಟೋ ಸಲ ತಿಳಿಯುವುದೇ ಇಲ್ಲ. ಬೆಳಿಗ್ಗೆ ಕಾರಣವಿಲ್ಲದ ಹೊಟ್ಟೆನೋವು, ಜೋಲುವ ರೆಪ್ಪೆ ಕಂಡರೆ ಒಡನೆ ಆಸ್ಪತ್ರೆಗೆ ಸಾಗಿಸಬೇಕು.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಚಾರಣಿಗರು ಮಲೆನಾಡನ್ನು ಹತ್ತುವ ಕಾಲವೂ ಅದೇ. ಅಂತಹ ಕಾಡಿನಲ್ಲಿ ತರಗೆಲೆಯ ಮೇಲೆ ಬರಿಯ ತಾಡಪತ್ರಿ ಕಟ್ಟಿ ಮಲಗುವುದು ಹಗುರವಾದರೂ ವಿವೇಕವಲ್ಲ. ಅನೇಕ ಸಂರಕ್ಷಿತ ಅರಣ್ಯಗಳಲ್ಲಿ ರಾತ್ರಿ ತಂಗುವುದಕ್ಕೇ ನಿಷೇಧವಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸತಕ್ಕದ್ದು.

ಕೊಳ್ಳುವ ಮೊದಲು, ಕೊಂಡ ಮೇಲೆ

ಮೊದಲ ಒಂದೆರಡು ಚಾರಣಗಳಿಗೆ ಬಾಡಿಗೆಗೆ ತಂದು ನೋಡುವುದು ಜಾಣತನ. ಕೊಂಡ ಮೇಲೆ ಅದರ ಪ್ರಥಮ ಪರೀಕ್ಷೆ ಬೆಟ್ಟದಲ್ಲಿ ಆಗಕೂಡದು. ಸೊಸಾಯಿಟಿಯವರ ಒಪ್ಪಿಗೆ ಪಡೆದು ಕಟ್ಟಡದ ಟೆರೇಸಿನಲ್ಲಿ, ಗೂಟದ ಬದಲು ನೀರು ತುಂಬಿದ ಡಬ್ಬಗಳಿಗೆ ಹಗ್ಗ ಬಿಗಿದು, ಸಿಡಿಲಿಲ್ಲದ ಜೂನ್ ಮಳೆಯಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಹೊಲಿಗೆ ಎಲ್ಲಿ ಜಿನುಗುತ್ತದೆ, ಕತ್ತಲಲ್ಲಿ ಕಟ್ಟಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ತಪ್ಪಿದರೆ ಎರಡು ಮಹಡಿ ಇಳಿದರೆ ಮನೆಯುಂಟು. ಬೆಟ್ಟದ ಮೇಲೆ ಆ ಅನುಕೂಲವಿಲ್ಲ.

ಮರಳಿ ಬಂದೊಡನೆ ಗುಡಾರವನ್ನು ಒದ್ದೆಯಾಗಿ ಮಡಿಸಿ ಕಪಾಟಿಗೆ ತುರುಕಬಾರದು. ಮುಂಬಯಿಯ ತೇವಕ್ಕೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಳಲೇಪ ಅಂಟಂಟಾಗಿ ಕಿತ್ತುಬರುತ್ತದೆ. ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಸಡಿಲವಾದ ಹತ್ತಿಚೀಲದಲ್ಲಿ ಇಟ್ಟರೆ ಅನೇಕ ವರ್ಷ ಬಾಳುತ್ತದೆ.

ಗುಡಾರ ಒಬ್ಬರದಾದ ಮಾತ್ರಕ್ಕೆ ಪಯಣವೂ ಒಂಟಿಯಾಗಬೇಕೆಂದಿಲ್ಲ. ಹತ್ತು ಜನರು ಕೂಡಿ ಹೋದಾಗಲೂ ಮಂಜಿನಲ್ಲಿ ದಾರಿ ತಪ್ಪುವವನು ಒಬ್ಬನೇ. ಅವನ ಪಾಲಿಗೆ ಆಗ ಉಳಿಯುವುದು ಅವನ ಬೆನ್ನಿನ ಮೇಲಿರುವುದಷ್ಟೇ. ಗೊರಬು ಹೊದ್ದು ನಾಟಿಗೆ ಇಳಿದ ಅಜ್ಜಿಗೆ ಇದು ತಿಳಿದಿತ್ತು. ಹೊರಡುವ ಮುನ್ನ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ಬರೆದಿಟ್ಟು, ಆ ಒಂದೂವರೆ ಕಿಲೋವನ್ನು ಚೀಲಕ್ಕೆ ಸೇರಿಸಿಕೊಂಡ ಮಗನೋ ಮಗಳೋ "ರಾತ್ರಿ ಎಲ್ಲಿ ಮಲಗುತ್ತೀಯಪ್ಪಾ?" ಎಂಬ ಪ್ರಶ್ನೆಗೆ ಬೆನ್ನು ತಿರುಗಿಸಿ ತೋರಿಸಿದರೆ ಸಾಕು, ತಾಯಿಯೂ ಆ ರಾತ್ರಿ ನಿದ್ರೆ ಮಾಡಿಯಾಳು.