ಒಳ್ಳೆ ವೈನಿಗೆ ಇನ್ನೂ 252 ಡಾಲರ್ ಕೊಡಬೇಕಾ?

ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಇನ್ನೂ ಎರಡು ಗಂಟೆ ಆಗಿರಲಿಲ್ಲ, ಮೊಬೈಲ್‌ಗೆ ಮೆಸೇಜ್ ಬಂತು. ‘ನಿಮ್ಮ ಡ್ರಿಂಕ್ಸ್ ಪ್ಯಾಕೇಜನ್ನು ಪ್ರೀಮಿಯಂ ಮಾಡಿಕೊಳ್ಳಿ, ಇನ್ನೂ ಉತ್ತಮ ವೈನ್ ಸವಿಯಿರಿ. ಅವಕಾಶ ನಾಳೆ ರಾತ್ರಿ ಎಂಟರವರೆಗೆ ಮಾತ್ರ.’

ಮದುವೆಯಾಗಿ ಹತ್ತು ವರ್ಷ ತುಂಬಿದ್ದಕ್ಕೆ ನಮಗೆ ನಾವೇ ಕೊಟ್ಟುಕೊಂಡ ಉಡುಗೊರೆ ಈ ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸ್. ಮಗಳನ್ನು ಶಿವಮೊಗ್ಗದಲ್ಲಿ ಅಮ್ಮನ ಹತ್ತಿರ ಬಿಟ್ಟು, ಎರಡು ವರ್ಷ ಕೂಡಿಟ್ಟ ದುಡ್ಡು, ಉಳಿಸಿಟ್ಟ ರಜೆ ಎಲ್ಲ ಒಟ್ಟು ಮಾಡಿಕೊಂಡು ಬೆಂಗಳೂರಿಂದ ಹೊರಟಿದ್ದೆವು. ಮಾರ್ಸೇ, ವಿಲ್‌ಫ್ರಾನ್ಶ್, ಲಿವೋರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್, ಒಂದು ದಿನ ಪೂರ್ತಿ ಸಮುದ್ರ, ಮತ್ತೆ ಬಾರ್ಸಿಲೋನಾ. ದಾರಿಯುದ್ದಕ್ಕೂ ದ್ರಾಕ್ಷಿ ಬೆಳೆಯೋ ಸೀಮೆಗಳೇ.

ನಾನು ವೈನ್ ಕುಡಿತೀನಿ. ಇಲ್ಲಿ ಹೀಗೆ ಬರೆಯೋಕೆ ಸ್ವಲ್ಪ ಮುಜುಗರವೇ, ಯಾಕೆಂದ್ರೆ ಅಮ್ಮನೂ ಇದನ್ನು ಓದ್ತಾಳೆ. ಆರು ವರ್ಷದ ಹಿಂದೆ ಆಫೀಸ್ ಟೀಮಿನ ಜೊತೆ ನಂದಿ ಬೆಟ್ಟದ ಕಡೆಯ ದ್ರಾಕ್ಷಿತೋಟಕ್ಕೆ ಹೋದಾಗ ಶುರುವಾದ ರುಚಿ. ತಿಂಗಳಿಗೆ ಎರಡು ಮೂರು ಸಲ, ಒಂದು ಗ್ಲಾಸ್. ನನ್ನ ಗಂಡ ಮುಟ್ಟಲ್ಲ. ಇಬ್ಬರೂ ಮೈಸೂರಲ್ಲಿ ಒಂದೇ ಕಾಲೇಜು, ಹಾಗಾಗಿ ಇವತ್ತಿಗೂ ಏಕವಚನದಲ್ಲೇ ಮಾತು. ನಾನು ಕುಡಿಯೋದಕ್ಕೆ ಅವನು ಒಂದು ದಿನವೂ ಬೇಡ ಅಂದವನಲ್ಲ. ಅವನು ಯಾಕೆ ಮುಟ್ಟಲ್ಲ ಅನ್ನೋದು ನನಗೆ ಗೊತ್ತು ಅಂತಲೇ ಅಂದುಕೊಂಡಿದ್ದೆ.

ಮೊದಲ ರಾತ್ರಿಯ ಮೂರು ಗ್ಲಾಸ್

ಕ್ರೂಸ್‌ಗೆ ಹೋಗದವರಿಗಾಗಿ ಸ್ವಲ್ಪ ವಿವರ. ಹಡಗಿನ ಟಿಕೆಟ್‌ನಲ್ಲಿ ರೂಮು, ಊಟ ಸೇರಿರುತ್ತೆ. ಕುಡಿಯೋದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ಅದಕ್ಕೇ ದಿನಕ್ಕಿಷ್ಟು ಅಂತ ಮೊದಲೇ ಕಟ್ಟಿಸಿಕೊಳ್ಳೋ ಡ್ರಿಂಕ್ಸ್ ಪ್ಯಾಕೇಜ್‌ಗಳಿರುತ್ತವೆ. ಕೆಲವು ಟಿಕೆಟ್‌ಗಳಲ್ಲಿ ಸಾಧಾರಣ ಪ್ಯಾಕೇಜ್ ಸೇರಿಯೇ ಬರುತ್ತೆ. ನಮ್ಮದೂ ಹಾಗೇ ಇತ್ತು: ಗ್ಲಾಸಿಗೆ 10 ಡಾಲರ್ ಒಳಗಿನ ಯಾವುದನ್ನು ಬೇಕಾದರೂ ಕೇಳಬಹುದು. ಪ್ರೀಮಿಯಂ ಆದರೆ ಆ ಮಿತಿ 17 ಡಾಲರ್‌ಗೆ ಏರುತ್ತೆ.

ಮೊದಲ ರಾತ್ರಿ ಊಟಕ್ಕೆ ಕೂತಾಗ ಚಿಲಿ ದೇಶದ ಒಂದು ಮರ್ಲೋ ತರಿಸಿದೆ. ಸಪ್ಪೆ. ಒಂದು ಪೀನೋ ಗ್ರೀಜೋ ಕೇಳಿದೆ, ಐಸ್ ಥರ ತಣ್ಣಗಿತ್ತು, ರುಚಿಯೇ ಗೊತ್ತಾಗಲಿಲ್ಲ. ಮೂರನೆಯದು ಯಾವುದೋ ಶಾರ್ಡೊನೆ. ಅದೂ ಅಷ್ಟಕ್ಕಷ್ಟೇ. ಆದರೆ ಮೂರನ್ನೂ ಕುಡಿದು ಮುಗಿಸಿದ್ದೆ!

“ಇಷ್ಟವಾಗದೇ ಇದ್ರೆ ಯಾಕೆ ಕುಡಿದೆ?” ಅಂದ.

“ದುಡ್ಡು ಹೇಗೂ ಕೊಟ್ಟಾಗಿದೆಯಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ!”

ನಾನು ನಕ್ಕೆ. ಅವನು ನಗಲಿಲ್ಲ. ಬ್ರೆಡ್ಡಿನ ಚೂರು ಮುರಿಯುತ್ತಾ ಕಿಟಕಿ ಕಡೆ ನೋಡ್ತಾ ಕೂತ. ಮಾತು ಎಲ್ಲಿ ತಾಗಿತು ಅಂತ ಆಗ ನನಗೆ ಹೊಳೆಯಲಿಲ್ಲ.

ಲೆಕ್ಕ ಹಾಕೋಕೆ ಕೂತೆ

ಮರುದಿನ ಬೆಳಿಗ್ಗೆ ಮಾರ್ಸೇ. ಪ್ರೊವಾನ್ಸ್ ಪ್ರಾಂತ್ಯದ ಬಂದರು, ತಿಳಿಗುಲಾಬಿ ಬಣ್ಣದ ರೋಸೆ ವೈನಿಗೆ ಹೆಸರಾದ ಸೀಮೆ. ನನಗೆ ಮಾತ್ರ ತಲೆ ಸಿಡೀತಿತ್ತು. ಹಳೆ ಬಂದರಿನ ಕಟ್ಟೆ ಮೇಲೆ ಕೂತು, ನೀರು ಕುಡೀತಾ, ಮೊಬೈಲ್ ಕ್ಯಾಲ್ಕುಲೇಟರ್ ತೆಗೆದೆ.

ಪ್ರೀಮಿಯಂಗೆ ಒಬ್ಬರಿಗೆ ದಿನಕ್ಕೆ ಹೆಚ್ಚುವರಿ 15 ಡಾಲರ್. ಅದರ ಮೇಲೆ ಶೇ 20 ಸರ್ವಿಸ್ ಚಾರ್ಜ್, ಒಟ್ಟು 18. ಏಳು ದಿನಕ್ಕೆ 126. ಪರವಾಗಿಲ್ಲ, ಹತ್ತು ವರ್ಷಕ್ಕೊಮ್ಮೆ ಅಂದುಕೊಳ್ಳೋಷ್ಟರಲ್ಲಿ ಕೆಳಗಿದ್ದ ಸಣ್ಣಕ್ಷರ ಕಣ್ಣಿಗೆ ಬಿತ್ತು: ಒಂದೇ ಕ್ಯಾಬಿನ್‌ನಲ್ಲಿರೋ ದೊಡ್ಡವರೆಲ್ಲ ಒಂದೇ ಪ್ಯಾಕೇಜ್ ತಗೋಬೇಕು. ಒಬ್ಬರ ಹೆಸರಲ್ಲಿ ಪ್ಯಾಕೇಜ್ ತಗೊಂಡು ಇಬ್ಬರೂ ಹಂಚಿಕೊಂಡು ಕುಡೀಬಾರದು ಅಂತ ಹಡಗಿನವರು ಮಾಡಿಟ್ಟಿರೋ ನಿಯಮ. ಕುಡಿಯದ ಗಂಡನ ಹೆಸರಲ್ಲೂ 126. ಒಟ್ಟು 252 ಡಾಲರ್. ನಮ್ಮ ದುಡ್ಡಲ್ಲಿ 20 ಸಾವಿರದ ಮೇಲಾಯ್ತು.

ಆದರೆ ಬರೀ 252 ನೋಡಿದ್ರೆ ಏನೂ ಗೊತ್ತಾಗಲ್ಲ. ಪ್ರೀಮಿಯಂ ತಗೊಳ್ಳದೇ ಒಂದು 15 ಡಾಲರ್ ವೈನ್ ಕೇಳಿದ್ರೆ ಏನಾಗುತ್ತೆ? ಅಲ್ಲೇ ಇರೋದು ವಿಷಯ. ನಮ್ಮ ಹಡಗಿನಲ್ಲಿ ಮಿತಿಗಿಂತ ಮೇಲಿನ ವ್ಯತ್ಯಾಸ ಮಾತ್ರ ಕಟ್ಟಿದ್ರೆ ಸಾಕಿತ್ತು. 15ರಲ್ಲಿ 10 ಕಳೆದರೆ 5, ಸರ್ವಿಸ್ ಚಾರ್ಜ್ ಸೇರಿ 6 ಡಾಲರ್. ಕೆಲವು ಕಂಪನಿಗಳಲ್ಲಿ ಮಿತಿ ದಾಟಿದ್ರೆ ಗ್ಲಾಸಿನ ಪೂರ್ತಿ ಬೆಲೆ ಹಾಕ್ತಾರೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

252ನ್ನು 6ರಿಂದ ಭಾಗಿಸಿದೆ. 42.

ಅಂದರೆ ಹಾಕಿದ ದುಡ್ಡು ಹುಟ್ಟಬೇಕಾದ್ರೆ ಏಳು ದಿನದಲ್ಲಿ ನಾನೊಬ್ಬಳೇ 42 ಗ್ಲಾಸ್ ಒಳ್ಳೆ ವೈನ್ ಕುಡೀಬೇಕು. ದಿನಕ್ಕೆ ಆರು! 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಗ್ಲಾಸ್ ಬರುತ್ತೆ, ಹಾಗಾಗಿ ಎಂಟು ಬಾಟಲಿ ಖಾಲಿ ಮಾಡಿ ಒಂಬತ್ತನೆಯದಕ್ಕೆ ಕೈ ಹಾಕಬೇಕು. ಅದೂ ಐದು ದಿನ ಹಗಲಿಡೀ ಊರು ಸುತ್ತೋದರಲ್ಲೇ ಕಳೆಯುವಾಗ.

ಇನ್ನೊಂದು ಲೆಕ್ಕವನ್ನೂ ಹಾಕಿಬಿಟ್ಟೆ. ಬ್ರಿಟನ್‌ನಲ್ಲಿ ಮದ್ಯವನ್ನು ‘ಯೂನಿಟ್’ನಲ್ಲಿ ಅಳೀತಾರೆ, ಒಂದು ಯೂನಿಟ್ ಅಂದ್ರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ಶೇ 13.5 ಆಲ್ಕೋಹಾಲ್ ಇರೋ ವೈನಿನ 150 ಮಿಲಿಲೀಟರ್ ಗ್ಲಾಸ್ ಅಂದ್ರೆ ಎರಡು ಯೂನಿಟ್. ವಾರಕ್ಕೆ 14 ಯೂನಿಟ್ ದಾಟದಿರೋದು ಒಳ್ಳೇದು ಅಂತ ಅಲ್ಲಿನ ವೈದ್ಯರು 2016ರಿಂದ ಹೇಳ್ತಿದ್ದಾರೆ. ಅಂದ್ರೆ ಏಳು ಗ್ಲಾಸ್. ನನ್ನ ‘ಲಾಭ’ ಶುರುವಾಗೋದು ಅದರ ಆರು ಪಟ್ಟಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಇಷ್ಟು ಮದ್ಯ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ಹೇಳಿಬಿಟ್ಟಿದೆ.

ಲೆಕ್ಕ ಇಷ್ಟು ಸ್ಪಷ್ಟವಾಗಿತ್ತು. ಆದರೂ ನನ್ನ ಮನಸ್ಸು ಕೇಳಲಿಲ್ಲ ನೋಡಿ.

“ಸೀ-ಡೇ ದಿನ ಮಧ್ಯಾಹ್ನದಿಂದಲೇ ಶುರು ಮಾಡಬಹುದು. ನಿನಗೆ ಒಳ್ಳೆ ಕಾಫಿ, ತಾಜಾ ಜ್ಯೂಸ್ ಎಲ್ಲ ಅದರಲ್ಲೇ ಬರುತ್ತೆ, ನಿನ್ನ ಕಡೆಯಿಂದ ಅರ್ಧ ವಸೂಲಾಗುತ್ತೆ. ನಾನು ದಿನಕ್ಕೆ ಮೂರು...”

“ಸಾಕು ಮಾಡೇ,” ಅಂದ.

ಅವನು ಹೇಳಿದ ಪ್ಯಾಕೆಟ್ ಕಥೆ

ಅವನ ಅಪ್ಪ ಕುಡೀತಿದ್ರು ಅನ್ನೋದು ನನಗೆ ಗೊತ್ತಿತ್ತು. ಮಂಡ್ಯದ ಹತ್ತಿರದ ಹಳ್ಳಿ, ಎರಡೆಕರೆ ಕಬ್ಬಿನ ಗದ್ದೆ. ಮಾವ 2005ರಲ್ಲೇ ತೀರಿಕೊಂಡ್ರು, ನಾನು ನೋಡಿದ್ದು ಗೋಡೆ ಮೇಲಿನ ಫೋಟೊ ಮಾತ್ರ. ಅವನು ಆ ಬಗ್ಗೆ ಹೆಚ್ಚು ಮಾತಾಡಿದವನಲ್ಲ, ನಾನೂ ಕೆದಕಿದವಳಲ್ಲ.

ಆವತ್ತು ಮಾರ್ಸೇಯ ಬಿಸಿಲಲ್ಲಿ ಹೇಳಿದ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧ ಆಗೋವರೆಗೂ ಅದು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಸಿಗ್ತಿತ್ತು. ಸಂಜೆ ಅಂಗಡಿಯಿಂದ ತರ್ತಿದ್ದವನು ಇವನೇ, ಏಳೆಂಟು ವರ್ಷದ ಹುಡುಗ. ಅಪ್ಪ ಹಲ್ಲಲ್ಲಿ ಮೂಲೆ ಕಚ್ಚಿ ಹರೀತಿದ್ರಂತೆ. ಕುಡಿದಾದ ಮೇಲೆ ಪ್ಯಾಕೆಟ್ಟನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಕೊನೇ ಹನಿವರೆಗೂ ಹಿಂಡ್ತಿದ್ರಂತೆ.

“ಒಂದಿನ ಜ್ವರ ಬಂದು ಮಲಗಿದ್ರು. ಅವ್ವ ಇವತ್ತು ಬೇಡ, ಚೆಲ್ಲಿಬಿಡ್ತೀನಿ ಅಂದ್ಳು. ‘ಕಾಸು ಕೊಟ್ಟಿದೀನಿ, ದಂಡ ಆಗಬಾರದು’ ಅಂತ ಎದ್ದು ಕೂತು ಕುಡಿದ್ರು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ. “ನೀನು ಕುಡಿಯೋದು ನಂಗೆ ತೊಂದರೆ ಇಲ್ಲ ಕಣೇ, ದೇವರಾಣೆ. 20 ಸಾವಿರ ಹೋದ್ರೂ ಹೋಗಲಿ. ನಿನ್ನೆಯಿಂದ ವಸೂಲಿ ವಸೂಲಿ ಅಂತಿದೀಯಲ್ಲ, ಅದನ್ನ ಕೇಳಕ್ಕಾಗ್ತಿಲ್ಲ.”

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಹಿಂದಿನ ರಾತ್ರಿ ನಾನು ಹೇಳಿದ ಗಾದೆ ನೆನಪಾಗಿ ನಾಚಿಕೆ ಆಯ್ತು. ಕ್ಯಾಲ್ಕುಲೇಟರ್ ಮುಚ್ಚಿ ಮೊಬೈಲ್ ಬ್ಯಾಗಿಗೆ ಹಾಕಿದೆ.

ಮೊದಲೇ ಕೊಟ್ಟ ದುಡ್ಡಿನ ಕಾಟ

ಮೊದಲೇ ಕೊಟ್ಟ ದುಡ್ಡು ನಮ್ಮನ್ನು ಹೇಗೆ ಆಡಿಸುತ್ತೆ ಅನ್ನೋದರ ಮೇಲೆ ಒಂದು ಹಳೆಯ ಅಧ್ಯಯನವಿದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಪ್ರಕಟಿಸಿದ್ದು. ಅಮೆರಿಕದ ಓಹಿಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ವರ್ಷದ ನಾಟಕದ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಟ್ಟರು. ನಾಟಕ ಅವವೇ. ಆದರೂ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಹೆಚ್ಚು ನಾಟಕಗಳಿಗೆ ಹೋದರು. ಹೋದ ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಿದ್ದರೂ ಅದು ಎಳೀತಾ ಇರುತ್ತೆ.

ನಾಟಕವಾದರೆ ಹೆಚ್ಚು ನೋಡಿದ್ರೆ ನಷ್ಟವೇನಿಲ್ಲ. ಜಿಮ್ಮಿಗೆ ವರ್ಷದ ಫೀಸು ಕಟ್ಟಿದ್ರೂ ಒಳ್ಳೇದೇ. ಕುಡಿಯೋದಕ್ಕೆ ಮೊದಲೇ ಕಟ್ಟಿದ ದುಡ್ಡು ಮಾತ್ರ ಹಾಗಲ್ಲ. ಒಳ್ಳೆ ವೈನ್ ಬೇಕು ಅಂತ ಶುರುವಾದದ್ದು, ಹೆಚ್ಚು ವೈನ್ ಬೇಕು ಅನ್ನೋದಕ್ಕೆ ತಿರುಗಿಬಿಡುತ್ತೆ. ನಾನು ಎರಡೇ ದಿನದಲ್ಲಿ ಅಲ್ಲಿಗೆ ಬಂದು ನಿಂತಿದ್ದೆ.

ಆಮೇಲೆ ಏನು ಮಾಡಿದ್ವಿ?

ರಾತ್ರಿ ಎಂಟು ಗಂಟೆ ಹಾಗೇ ದಾಟಿತು. ಪ್ರೀಮಿಯಂ ತಗೊಳ್ಳಲಿಲ್ಲ.

ಊಟದ ಹೊತ್ತಿಗೆ ವೈನ್ ಬಡಿಸುವಾಕೆಯನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನನ್ನದು ಸಾಧಾರಣ ಪ್ಯಾಕೇಜ್, ರಾತ್ರಿಗೆ ಒಂದೇ ಗ್ಲಾಸ್, ಯಾವುದು ಚೆನ್ನಾಗಿದೆ? ಆಕೆ ನಗುತ್ತಾ ಪಟ್ಟಿ ತಿರುಗಿಸಿ, ನನ್ನ ಮಿತಿಯೊಳಗೇ ಇದ್ದ ಒಂದು ಸ್ಪ್ಯಾನಿಷ್ ರೆಡ್ ತೋರಿಸಿದಳು. ಹೊಸ ಬಾಟಲಿ ತೆರೆದೇ ಕೊಟ್ಟಳು. ಮೊದಲ ರಾತ್ರಿಯ ಮರ್ಲೋಗಿಂತ ಎಷ್ಟೋ ವಾಸಿ. ತೆರೆದಿಟ್ಟ ಬಾಟಲಿ ಎರಡು ಮೂರು ದಿನದಲ್ಲಿ ಸತ್ವ ಕಳ್ಕೊಳ್ಳುತ್ತೆ. ಸಪ್ಪೆ ಅನ್ನಿಸಿದ್ದಕ್ಕೆ ಎಲ್ಲ ಸಲವೂ ಅಗ್ಗದ ಬೆಲೆಯೇ ಕಾರಣ ಆಗಿರಬೇಕಿಲ್ಲ.

ಲಿವೋರ್ನೊದಿಂದ ರೈಲು ಹಿಡಿದು ಪೀಸಾಗೆ ಹೋದೆವು. ವಾಲುಗೋಪುರದಿಂದ ಎರಡು ಬೀದಿ ಆಚೆಗಿನ ಸಣ್ಣ ಹೋಟೆಲಲ್ಲಿ ಊಟದ ಜೊತೆ ಕ್ಯಾಂಟಿ. ಆ ಟಸ್ಕನಿ ಸೀಮೆಯ ಸಾಂಜೊವೇಸೆ ದ್ರಾಕ್ಷಿಯ ವೈನ್. ಗ್ಲಾಸಿಗೆ 5 ಯೂರೊ. ಹಡಗಿನ ಪ್ರೀಮಿಯಂ ಪಟ್ಟಿಯಲ್ಲಿ ನಾನು ಹುಡುಕ್ತಿದ್ದ ರುಚಿ ಹಡಗಿನಿಂದ ಇಳಿದ ಮೇಲೆ ಸಿಕ್ತು. ಆವತ್ತು ರಾತ್ರಿಯೇ ನಮ್ಮ ವಾರ್ಷಿಕೋತ್ಸವ. 15 ಡಾಲರ್‌ನ ಒಂದು ಗ್ಲಾಸ್ ತರಿಸಿ ವ್ಯತ್ಯಾಸದ 6 ಡಾಲರ್ ಕಟ್ಟಿದೆ. ಇಡೀ ಪ್ರಯಾಣದಲ್ಲಿ ಹಾಗೆ ಕಟ್ಟಿದ್ದು ಐದು ಸಲ, ಒಟ್ಟು 30 ಡಾಲರ್.

ನೀವು ಹೊರಡೋ ಮುಂಚೆ

ಎಲ್ಲರಿಗೂ ನನ್ನ ಉತ್ತರವೇ ಸರಿ ಅಂತಲ್ಲ. ಇಬ್ಬರೂ ಕುಡಿಯೋರು, ನೀರು, ಕಾಫಿ, ಜ್ಯೂಸ್ ಎಲ್ಲ ಬಳಸೋರು ಆದ್ರೆ ಲೆಕ್ಕ ಬೇರೆ ಬರಬಹುದು. ಆದರೆ ದುಡ್ಡು ಕಟ್ಟೋ ಮುಂಚೆ ಇವನ್ನು ಕೇಳಿಕೊಳ್ಳಿ:

* ಮಿತಿ ದಾಟಿದ್ರೆ ವ್ಯತ್ಯಾಸ ಮಾತ್ರ ಕಟ್ಟಬೇಕಾ, ಪೂರ್ತಿ ಬೆಲೆಯಾ?
* ಕ್ಯಾಬಿನ್‌ನಲ್ಲಿರೋ ಇಬ್ಬರೂ ತಗೊಳ್ಳಲೇಬೇಕಾ?
* ತೋರಿಸಿದ ಬೆಲೆಯಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ?
* ಮೇಲಿನ ಪಟ್ಟಿಯಲ್ಲಿ ನಿಮಗೆ ನಿಜಕ್ಕೂ ಬೇಕಾದ ವೈನ್ ಎಷ್ಟಿವೆ? ನನಗೆ ಬೇಕಿದ್ದದ್ದು ಮೂರೇ.
* ಗ್ಲಾಸಿನ ಬದಲು ಒಂದು ಬಾಟಲಿ ಕೊಂಡರೆ? ಎಷ್ಟೋ ಹಡಗುಗಳಲ್ಲಿ ಉಳಿದದ್ದನ್ನು ಕ್ಯಾಬಿನ್ ನಂಬರ್ ಬರೆದಿಟ್ಟು ಮರುದಿನ ಕೊಡ್ತಾರೆ.

ಆಮೇಲೆ ವ್ಯತ್ಯಾಸದ ದುಡ್ಡಿನಿಂದ ಪ್ಯಾಕೇಜಿನ ದುಡ್ಡನ್ನು ಭಾಗಿಸಿ. ಬಂದ ಸಂಖ್ಯೆ ನೀವು ಮನೆಯಲ್ಲಿ ಕುಡಿಯೋದಕ್ಕಿಂತ ಜಾಸ್ತಿ ಇದ್ರೆ, ಆ ಮೆಸೇಜನ್ನು ಡಿಲೀಟ್ ಮಾಡಿ.

ಕೊನೆಯ ರಾತ್ರಿ. ಹಡಗು ನೇಪಲ್ಸ್ ಬಿಟ್ಟು ಬಾರ್ಸಿಲೋನಾ ಕಡೆ ಹೊರಟು ಒಂದು ದಿನವಾಗಿತ್ತು. ಊಟ ಮುಗೀತು. ನನ್ನ ಗ್ಲಾಸಿನಲ್ಲಿ ಇನ್ನೂ ಅರ್ಧ ವೈನ್ ಇತ್ತು. ಬಡಿಸುವಾಕೆ ಬಂದು ತೆಗೆಯಲಾ ಅಂತ ಕೇಳಿದಳು. ಹೂಂ, ತೆಗೀರಿ ಅಂದೆ.

ಅವನು ಆ ಗ್ಲಾಸ್ ಹೋಗೋದನ್ನೇ ನೋಡ್ತಿದ್ದ.

“ಬಿಟ್ಟುಬಿಟ್ಟೆಯಾ?”

“ಸಾಕಾಯ್ತು.”

ಮೇಜಿನ ಮೇಲಿದ್ದ ನನ್ನ ಕೈ ಹಿಡ್ಕೊಂಡ. ಮೇಲೆ ಡೆಕ್ಕಿಗೆ ಹೋಗಿ, ಶಿವಮೊಗ್ಗದಲ್ಲಿ ಎಷ್ಟೊತ್ತಾಗಿರಬಹುದು, ಮಗಳು ಮಲಗಿರ್ತಾಳಾ ಅಂತ ಲೆಕ್ಕ ಹಾಕ್ತಾ ನಿಂತೆವು.